ಮಳೆ ಬಂದಾಗ ಮಿಣುಕುವ ದೀಪ: ಮಟ್ಟುವಿನ ಒಂದು ಮನೆಯ ಪ್ರಕರಣ

ಆಗಸ್ಟ್ ತಿಂಗಳ ಒಂದು ರಾತ್ರಿ ಊಟ ಮುಗಿಸಿ ಕುಳಿತಿದ್ದಾಗ ಟೀಚರ್ ಫೋನ್ ಮಾಡಿದರು. ಐದನೆಯ ತರಗತಿಯಲ್ಲಿ ನನಗೆ ಪಾಠ ಹೇಳಿದವರು. ನಿವೃತ್ತರಾಗಿ ಎಷ್ಟೋ ವರ್ಷಗಳಾದವು, ಊರಿಗೆಲ್ಲ ಅವರು ಇಂದಿಗೂ ಟೀಚರ್.

"ಅಂಗಳದ ಹೊಸ ದೀಪ ಪೂರ್ತಿ ಆರುವುದೇ ಇಲ್ಲ ಮಾರಾಯ. ಆರಿದ ಮೇಲೂ ಬೂದಿ ಮುಚ್ಚಿದ ಕೆಂಡದ ಹಾಗೆ ಮಿಣಿಮಿಣಿ ಎನ್ನುತ್ತಿರುತ್ತದೆ. ಮಳೆ ಜೋರಾದರೆ ಅದೂ ಸ್ವಲ್ಪ ಜೋರಾಗುತ್ತದೆ."

ಆರಿಸಿದ ಎಲ್‌ಇಡಿ ಮಂದವಾಗಿ ಹೊಳೆಯುತ್ತದೆ ಎಂಬ ದೂರು ನಮ್ಮ ಕಸುಬಿನಲ್ಲಿ ಹೊಸದಲ್ಲ. ಆದರೆ ಮಳೆಯ ಮಾತು ಕೇಳಿದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಮಳೆಗೂ ಮಿಣುಕಿಗೂ ನಂಟು ಇದೆಯೆಂದರೆ ಕರೆಂಟು ಎಲ್ಲೋ ನೀರಿನ ಮೂಲಕ ದಾರಿ ಮಾಡಿಕೊಂಡಿದೆ ಎಂದರ್ಥ. "ಟೀಚರ್, ಬೋರ್ಡ್‌ನಲ್ಲಿ ಆ ಸಾಲಿನ ಎಂಸಿಬಿ ಸ್ವಿಚ್ ಇಳಿಸಿಬಿಡಿ. ಗೋಡೆಯ ಆ ಭಾಗವನ್ನು ಯಾರೂ ಮುಟ್ಟುವುದು ಬೇಡ. ಬೆಳಿಗ್ಗೆ ಬರುತ್ತೇನೆ" ಎಂದೆ.

ನಾನು ಇಪ್ಪತ್ತೆರಡು ವರ್ಷಗಳಿಂದ ಉಡುಪಿ, ಕಟಪಾಡಿ, ಕಾಪು ಕಡೆಗಳಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಹೊರಾಂಗಣದ ಕಾವಲು ದೀಪವನ್ನು ಎಲ್‌ಇಡಿಗೆ ಬದಲಿಸಿಕೊಡಿ ಎಂದು ಕೇಳುವವರು ಈಗ ವಾರಕ್ಕೊಬ್ಬರಾದರೂ ಸಿಗುತ್ತಾರೆ. ಬಲ್ಬು ಬದಲಿಸಿದಷ್ಟೇ ಸುಲಭದ ಕೆಲಸ ಎಂದು ಅವರೂ ತಿಳಿದಿರುತ್ತಾರೆ, ಮಾಡುವವರಲ್ಲಿಯೂ ಅನೇಕರು ಹಾಗೆಯೇ ತಿಳಿದಿರುತ್ತಾರೆ. ಟೀಚರ್ ಮನೆಯ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡಬೇಕು ಎನ್ನಿಸಿದ್ದು ಅದಕ್ಕಾಗಿ.

ಮನೆ ಇರುವುದು ಮಟ್ಟುವಿನಲ್ಲಿ, ಗುಳ್ಳ ಬದನೆಯ ಗದ್ದೆಗಳ ಅಂಚಿನಲ್ಲಿ. ಪಶ್ಚಿಮಕ್ಕೆ ಮುನ್ನೂರು ಮೀಟರ್ ನಡೆದರೆ ಕಡಲು. ಹಂಚಿನ ಮಾಡು, ಮುರಕಲ್ಲಿನ ಗೋಡೆ, ಅಂಗಳದ ಒಂದು ಬದಿಗೆ ಬಾವಿ, ಇನ್ನೊಂದು ಬದಿಗೆ ಹಸುಗಳಿಲ್ಲದೆ ಬರಿದಾದ ಹಟ್ಟಿ. ಯಜಮಾನರು ತೀರಿಕೊಂಡ ಮೇಲೆ ಟೀಚರ್ ಒಬ್ಬರೇ ಇರುತ್ತಾರೆ. ಮಗ ಗಲ್ಫ್‌ನಲ್ಲಿ, ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಾನೆ. ರಾತ್ರಿ ತೋಟದಿಂದ ತೆಂಗಿನಕಾಯಿ ಹೋಗುತ್ತಿದ್ದ ಕಾಲದಲ್ಲಿ, ಹದಿನಾರು ವರ್ಷಗಳ ಹಿಂದೆ, ಮಾಡಿನ ಅಂಚಿನ ಕೆಳಗೆ 500 ವ್ಯಾಟ್‌ನ ಹ್ಯಾಲೋಜನ್ ದೀಪವೊಂದನ್ನು ಹಾಕಿಸಿದ್ದರು. ಜೊತೆಗೆ ಚಲನೆ ಗುರುತಿಸುವ ಸೆನ್ಸರ್. ಯಾರಾದರೂ ಅಂಗಳಕ್ಕೆ ಕಾಲಿಟ್ಟರೆ ಮೂರು ನಿಮಿಷ ಬೆಳಕು, ಆಮೇಲೆ ತಾನಾಗಿ ಕತ್ತಲೆ.

ಆ ದೀಪ ತುಂಬ ಕಾಟ ಕೊಡುವ ಜಾತಿಯದು. 118 ಮಿಲಿಮೀಟರ್ ಉದ್ದದ ಕ್ವಾರ್ಟ್ಸ್ ಕೊಳವೆಯೊಳಗೆ ಟಂಗ್‌ಸ್ಟನ್ ತಂತಿ. ಹಾಕುವಾಗ ಕೊಳವೆಗೆ ಬೆರಳು ತಾಗಿದರೆ ಚರ್ಮದ ಎಣ್ಣೆಯ ಗುರುತು ಅಲ್ಲಿಯೇ ಸುಟ್ಟು, ಗಾಜು ಕೆಟ್ಟು, ಕೊಳವೆ ಬೇಗ ಹೋಗುತ್ತದೆ. ಕಾದ ಮುಂಗಾಜಿನ ಮೇಲೆ ಜೂನ್ ತಿಂಗಳ ಓರೆ ಮಳೆ ಬಿದ್ದು ಅದು ಎರಡು ಸಲ ಸೀಳಿತ್ತು. ಮಗ ಊರಿಗೆ ಬಂದಾಗಲೆಲ್ಲ ಅಲ್ಯೂಮಿನಿಯಂ ಏಣಿ ಹತ್ತಿ ಕೊಳವೆ ಬದಲಿಸುತ್ತಿದ್ದ. ಈ ಏಣಿಯ ವಿಷಯ ನೆನಪಿರಲಿ.

ನನಗೆ ಫೋನ್ ಬರುವ ಮೊದಲೇ ಆ ದೀಪ ಎರಡು ಸಲ ಎಲ್‌ಇಡಿ ಆಗಿತ್ತು. ಫೆಬ್ರವರಿಯಲ್ಲಿ ಮಗನೇ ಹ್ಯಾಲೋಜನ್ ಕೊಳವೆಯ ಜಾಗದಲ್ಲಿ ಕೂರುವ 20 ವ್ಯಾಟ್‌ನ ಎಲ್‌ಇಡಿ ಕಡ್ಡಿಯನ್ನು ತಂದು ಸಿಕ್ಕಿಸಿ ಹೋಗಿದ್ದ. ಮೇ ತಿಂಗಳಲ್ಲಿ ಅದು ಸತ್ತಿತು. ಹ್ಯಾಲೋಜನ್‌ಗೆ ಬಿಸಿಯಾಗಿಯೇ ಇರಬೇಕು, ಅದರ ಪೆಟ್ಟಿಗೆಯನ್ನು ಮಾಡಿರುವುದು ಆ ಲೆಕ್ಕದಲ್ಲಿ. ಎಲ್‌ಇಡಿಯ ಕಥೆ ಬೇರೆ. ಅದರ ಬಿಸಿ ಬೆಳಕಿನ ಜೊತೆ ಮುಂದಕ್ಕೆ ಹೋಗುವುದಿಲ್ಲ, ಬೆನ್ನಿನ ಕಡೆಯಿಂದ ಲೋಹಕ್ಕೆ ಇಳಿದು ಗಾಳಿಗೆ ಸೇರಬೇಕು. ಮುಚ್ಚಿದ ಪೆಟ್ಟಿಗೆಯ ನಡುವೆ, ಎರಡು ತುದಿಗಳಲ್ಲಿ ಮಾತ್ರ ಆಧಾರ ಪಡೆದು ತೂಗುವ ಕಡ್ಡಿಗೆ ಆ ದಾರಿಯೇ ಇಲ್ಲ. ಜೊತೆಗೆ ಅದರ ಪುಟ್ಟ ಡ್ರೈವರ್‌ನಲ್ಲಿ (ಮನೆಯ ಕರೆಂಟನ್ನು ಎಲ್‌ಇಡಿಗೆ ಹೊಂದಿಸಿ ಕೊಡುವ ಭಾಗ) ಇರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ (ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಬಿಡಿಭಾಗ) ಆಯುಸ್ಸು, ಸ್ಥೂಲ ಲೆಕ್ಕದಲ್ಲಿ, ಪ್ರತಿ 10 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದಾಗ ಅರ್ಧಕ್ಕೆ ಇಳಿಯುತ್ತದೆ. ನಮ್ಮ ಕರಾವಳಿಯ ಏಪ್ರಿಲ್‌ನಲ್ಲಿ, ಹಗಲಿಡೀ ಬಿಸಿಲಿಗೆ ಕಾದ ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಅದು ಬಾಳಿದ್ದೇ ಹೆಚ್ಚು.

ಆಮೇಲೆ ಜೂನ್ ಮೊದಲ ವಾರ, ಅಂಗಡಿಯವರ ಸಲಹೆಯಂತೆ 50 ವ್ಯಾಟ್‌ನ ಎಲ್‌ಇಡಿ ಫ್ಲಡ್‌ಲೈಟ್ ಬಂತು. ಹಳೆಯ ಪೆಟ್ಟಿಗೆ ಕಳಚಿ, ಹಳೆಯ ಸೆನ್ಸರ್‌ಗೆ, ಹಳೆಯ ವೈರ್‌ಗೆ ಅದನ್ನು ಜೋಡಿಸಿದರು. ದೀಪ ಉರಿಯಿತು, ಜೋಡಿಸಿದವರು ಹೋದರು. ಜುಲೈಯಲ್ಲಿ ಮಿಣುಕು ಶುರುವಾಯಿತು. ಆಗಸ್ಟ್‌ನಲ್ಲಿ ಇನ್ನೊಂದು ರೋಗ ಸೇರಿತು, ಕೆಲವು ರಾತ್ರಿ ದೀಪ ಬೆಳಗಿನ ತನಕ ಪೂರ್ತಿ ಉರಿಯುತ್ತಿತ್ತು.

ಇದಕ್ಕೆ ಟೀಚರ್ ಒಂದು ಉಪಾಯ ಕಂಡುಕೊಂಡಿದ್ದರು. ಮರುದಿನ ನಾನು ಹೋದಾಗ ಅದನ್ನು ಹೇಳಿದರು: "ದೋಟಿಯಿಂದ ಸೆನ್ಸರ್‌ಗೆ ಮೆಲ್ಲಗೆ ತಟ್ಟಿದರೆ ಆರುತ್ತದೆ." ಮಾವು ಕೊಯ್ಯುವ, ಮಳೆಗೆ ನೆನೆದ ಬಿದಿರಿನ ದೋಟಿ! ನನಗೆ ಮಾತು ಹೊರಡಲಿಲ್ಲ. ಎಪ್ಪತ್ತು ದಾಟಿದ ಜೀವ, ಬರಿಗಾಲಿನಲ್ಲಿ ಒದ್ದೆ ಅಂಗಳದಲ್ಲಿ ನಿಂತು ಮಾಡುತ್ತಿದ್ದ ಕೆಲಸ ಅದು.

ತಟ್ಟಿದರೆ ಆರುತ್ತದೆ ಎಂಬ ಮಾತಿನಿಂದ ನನಗೊಂದು ಸುಳಿವು ಸಿಕ್ಕಿತು. ಸೆನ್ಸರ್‌ನೊಳಗೆ ರಿಲೇ ಇರುತ್ತದೆ. ಅದರ ಎರಡು ಸಣ್ಣ ಲೋಹದ ತುದಿಗಳು ಒಂದನ್ನೊಂದು ಕೂಡಿದಾಗ ದೀಪ ಹತ್ತುತ್ತದೆ, ಬಿಟ್ಟಾಗ ಆರುತ್ತದೆ. ಅವು ಅಂಟಿಕೊಂಡರೆ ದೀಪ ಆರುವುದಿಲ್ಲ, ತಟ್ಟಿದರೆ ಅಂಟು ಬಿಡುತ್ತದೆ. ಬಿಚ್ಚಿ ನೋಡಿದೆ, ತುದಿಗಳು ಸುಟ್ಟು ಗುಳಿ ಬಿದ್ದಿದ್ದವು. ಹದಿನಾರು ವರ್ಷ 500 ವ್ಯಾಟ್ ಹೊತ್ತು ಸವೆದವು ಅವು. ಅವುಗಳ ಮೇಲೆ ಎಲ್‌ಇಡಿಯ ಹೊಸ ಬಗೆಯ ಹೊಡೆತ ಬಿತ್ತು. 50 ವ್ಯಾಟ್ ಎಂದರೆ ಕಾಲು ಆಂಪಿಯರ್‌ಗಿಂತ ಕಡಿಮೆ, ಹೌದು, ಆದರೆ ಅದು ಹತ್ತಿದ ನಂತರದ ಲೆಕ್ಕ. ಹತ್ತುವ ಕ್ಷಣದಲ್ಲಿ ಡ್ರೈವರ್‌ನ ಕೆಪಾಸಿಟರ್ ಖಾಲಿಯಾಗಿರುತ್ತದೆ. ಅದು ತುಂಬಿಕೊಳ್ಳುವಾಗ, ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಕಡಿಮೆ ಹೊತ್ತು, ಹತ್ತಾರು ಆಂಪಿಯರ್ ಎಳೆಯಬಹುದು. ಒಳ್ಳೆಯ ಸೆನ್ಸರ್‌ಗಳ ಮೇಲೆ ತಂತಿ ಬಲ್ಬಿಗೆ ಇಷ್ಟು ವ್ಯಾಟ್, ಎಲ್‌ಇಡಿಗೆ ಇಷ್ಟು ಎಂದು ಎರಡು ಅಂಕಿ ಬರೆದಿರುತ್ತಾರೆ. ಎಲ್‌ಇಡಿಯ ಅಂಕಿ ಎಷ್ಟೋ ಚಿಕ್ಕದಾಗಿರುವುದು ಇದೇ ಕಾರಣಕ್ಕೆ. ಟೀಚರ್ ಮನೆಯ ಸೆನ್ಸರ್‌ನ ಮೇಲೆ ಎಲ್‌ಇಡಿಯ ಹೆಸರೇ ಇರಲಿಲ್ಲ.

ಇಲ್ಲಿ ಒಂದು ಲೆಕ್ಕ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರೂ ಉಳಿತಾಯದ ಮಾತು ಎತ್ತುತ್ತಾರೆ. ಒಂದು ರಾತ್ರಿಯಲ್ಲಿ ಇಪ್ಪತ್ತು ಸಲ, ಪ್ರತಿ ಸಲ ಮೂರು ನಿಮಿಷ ಉರಿದರೆ ಒಟ್ಟು ಒಂದು ಗಂಟೆ. 500 ವ್ಯಾಟ್‌ಗೆ ಅರ್ಧ ಯೂನಿಟ್, ತಿಂಗಳಿಗೆ 15 ಯೂನಿಟ್. ರಿಲೇ ಅಂಟಿಕೊಂಡು 50 ವ್ಯಾಟ್ ರಾತ್ರಿ ಹನ್ನೆರಡು ಗಂಟೆ ಉರಿದರೆ 0.6 ಯೂನಿಟ್, ತಿಂಗಳಿಗೆ 18. ಉಳಿತಾಯಕ್ಕೆಂದು ತಂದ ದೀಪ ಹಳೆಯದಕ್ಕಿಂತ ಹೆಚ್ಚು ಕರೆಂಟು ತಿನ್ನುವ ಸ್ಥಿತಿಗೆ ಬಂದಿತ್ತು.

ರಿಲೇಯ ರೋಗ ತಿಳಿಯಿತು. ಆದರೆ ಮಿಣುಕಿಗೆ ಅದು ಕಾರಣವಲ್ಲ. ರಿಲೇ ಸರಿಯಾಗಿ ಬಿಟ್ಟಾಗಲೂ ದೀಪ ಮಿಣುಕುತ್ತಿತ್ತು. ಒಣ ಹಲಗೆಯ ಮೇಲೆ ಮರದ ಏಣಿ ಇರಿಸಿ, ಎಂಸಿಬಿ ಏರಿಸಲು ಹೇಳಿ, ಸೆನ್ಸರ್ ಆರಿಸಿದ ಸ್ಥಿತಿಯಲ್ಲಿ ದೀಪದ ವೈರ್‌ಗೆ ಟೆಸ್ಟರ್ ಇಟ್ಟೆ. ಟೆಸ್ಟರ್ ಹೊಳೆಯಿತು. ಮೀಟರ್‌ನಲ್ಲಿ ನೋಡಿದರೆ ಭೂಮಿಗೆ ಹೋಲಿಸಿ 230 ವೋಲ್ಟ್‌ಗೆ ಸ್ವಲ್ಪ ಕಡಿಮೆ. ಆರಿದ ದೀಪದಲ್ಲಿ!

ಮಾಡಿನ ಕೆಳಗಿನ ಜಂಕ್ಷನ್ ಬಾಕ್ಸ್ ಬಿಚ್ಚಿದಾಗ ಕಾರಣ ಕಂಡಿತು. ಒಳಗಿನಿಂದ ಬಂದ ವೈರ್‌ಗಳು ಕೆಂಪು ಮತ್ತು ಕಪ್ಪು. ಅಲ್ಲಿಂದ ಸೆನ್ಸರ್‌ಗೆ ಹೋದ ಎರಡೂ ಕಪ್ಪು. ಯಾವುದಕ್ಕೆ ಯಾವುದು ಎಂದು ನೋಡದೆ ತಿರುಚಿ ಟೇಪ್ ಸುತ್ತಿದ್ದರು, ಅದು ತಿರುವುಮುರುವಾಗಿತ್ತು. ಸೆನ್ಸರ್ ಫೇಸ್ (ಕರೆಂಟು ತರುವ ವೈರ್) ಎಂದುಕೊಂಡು ಕಡಿಯುತ್ತಿದ್ದುದು ನ್ಯೂಟ್ರಲ್ (ಕರೆಂಟು ಮರಳುವ ವೈರ್) ಅನ್ನು. ಫೇಸ್ ನೇರವಾಗಿ ದೀಪಕ್ಕೆ ಹೋಗಿ, ರಾತ್ರಿ ಹಗಲು ಅಲ್ಲಿಯೇ ಕುಳಿತಿತ್ತು. ಫೇಸ್ ಕಡಿದರೂ ದೀಪ ಆರುತ್ತದೆ, ನ್ಯೂಟ್ರಲ್ ಕಡಿದರೂ ಆರುತ್ತದೆ. ಕಣ್ಣಿಗೆ ಎರಡೂ ಒಂದೇ. ಕೈಗೆ ಒಂದೇ ಅಲ್ಲ.

ಇನ್ನು ಮಳೆಯ ನಂಟು. ಹೊರಗಿನ ಹಳೆಯ ವೈರ್‌ನ ಹೊದಿಕೆ ಬಿಸಿಲಿಗೆ ಬಿರುಕು ಬಿಟ್ಟಿತ್ತು. ಕಡಲ ಗಾಳಿ ತಂದ ಉಪ್ಪು ಆ ಬಿರುಕುಗಳಲ್ಲಿ ಕೂತಿತ್ತು. ಉಪ್ಪು ತೇವವನ್ನು ಎಳೆದುಕೊಳ್ಳುತ್ತದೆ, ತೇವವಾದ ಉಪ್ಪು ಕರೆಂಟಿಗೆ ದಾರಿ ಬಿಡುತ್ತದೆ. ವೈರ್‌ನ ಹೊದಿಕೆಯ ತಡೆ ಅಳೆಯುವ ಮೆಗ್ಗರ್ ಹಾಕಿ ನೋಡಿದಾಗ ಆ ವೈರ್‌ಗೂ ಭೂಮಿಗೂ ನಡುವಿನ ತಡೆ ಕೇವಲ 0.3 ಮೆಗಾಓಮ್. ಅಂದರೆ 230 ವೋಲ್ಟ್‌ಗೆ ಸುಮಾರು 0.77 ಮಿಲಿಆಂಪಿಯರ್ ಸೋರುತ್ತದೆ. ಫೇಸ್ ದೀಪದ ಡ್ರೈವರ್ ಹೊಕ್ಕು, ಆಚೆಗಿನ ವೈರ್‌ಗೆ ದಾಟಿ, ಒದ್ದೆ ಗೋಡೆಯ ಮೂಲಕ ಮಣ್ಣಿಗೆ ಇಳಿಯುತ್ತಿತ್ತು. ಮಳೆ ಹೆಚ್ಚಿದಷ್ಟು ದಾರಿ ಅಗಲ, ದಾರಿ ಅಗಲವಾದಷ್ಟು ಬೆಳಕು. ಟೀಚರ್ ಗಮನಿಸಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಈ ತಪ್ಪು ಜೂನ್‌ನಲ್ಲಿ ಆದದ್ದಲ್ಲ. ಆ ಟೇಪಿನ ಅಂಟು ಒಣಗಿ ಪುಡಿಯಾಗಿತ್ತು, ಹದಿನಾರು ವರ್ಷಗಳ ಹಿಂದಿನದೇ ಇರಬೇಕು. ಹಾಗಿದ್ದರೆ ಇಷ್ಟು ವರ್ಷ ಏಕೆ ತಿಳಿಯಲಿಲ್ಲ? 500 ವ್ಯಾಟ್‌ನ ಹ್ಯಾಲೋಜನ್‌ಗೆ ಹತ್ತಲು ಎರಡು ಆಂಪಿಯರ್‌ಗಿಂತ ಹೆಚ್ಚು ಬೇಕು. ಅದರ ಎರಡು ಸಾವಿರದ ಒಂದು ಭಾಗಕ್ಕೂ ಕಡಿಮೆ ಸೋರಿಕೆ ಹರಿದರೆ ತಂತಿ ಬೆಚ್ಚಗೂ ಆಗುವುದಿಲ್ಲ. ಎಲ್‌ಇಡಿಗೆ ಹೊಳೆಯಲು ಆ ಚೂರು ಸಾಕು. ಭಾರದ ದೀಪ ಬಚ್ಚಿಟ್ಟಿದ್ದ ತಪ್ಪನ್ನು ಹಗುರದ ದೀಪ ತೋರಿಸಿಕೊಟ್ಟಿತು. ಇಂಥ ಮಿಣುಕಿಗೆ ದೀಪದ ಅಡ್ಡಕ್ಕೆ ಒಂದು ಕೆಪಾಸಿಟರ್ ಹಾಕಿ ಮುಗಿಸುವ ರೂಢಿ ಇದೆ. ಸೆನ್ಸರ್‌ನದೇ ಸಣ್ಣ ಸೋರಿಕೆಯಾಗಿದ್ದರೆ ಅದು ಸರಿಯಾದ ಮದ್ದು. ಇಲ್ಲಿ ಹಾಗೆ ಮಾಡಿದ್ದರೆ ಮಿಣುಕು ನಿಲ್ಲುತ್ತಿತ್ತು, ಫೇಸ್ ಅಲ್ಲಿಯೇ ಕುಳಿತಿರುತ್ತಿತ್ತು. ಮಿಣುಕನ್ನು ಅಳಿಸುವ ಮೊದಲು ಅದರ ಮಾತನ್ನು ಕೇಳಿಸಿಕೊಳ್ಳಬೇಕು ಎಂದು ನಾನು ನನ್ನ ಜೊತೆ ಕೆಲಸ ಕಲಿಯುವ ಹುಡುಗರಿಗೆ ಪದೇಪದೇ ಹೇಳುತ್ತೇನೆ.

ಟೀಚರ್‌ಗೆ ಇದನ್ನೆಲ್ಲ ವಿವರಿಸಿದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಹಾಗಾದರೆ ಮಗ ಏಣಿ ಹತ್ತಿ ಕೊಳವೆ ಬದಲಿಸುತ್ತಿದ್ದನಲ್ಲ, ಆಗಲೂ?"

"ಆಗಲೂ ಟೀಚರ್. ದೀಪ ಆರಿತ್ತು, ಕರೆಂಟು ಇತ್ತು."

ಒಂದು ಸಲವೂ ಅವನ ಬೆರಳು ಹೋಲ್ಡರ್‌ನ ಲೋಹಕ್ಕೆ ತಾಗದೆ ಇದ್ದದ್ದು ಅದೃಷ್ಟ. ಆ ಪೆಟ್ಟಿಗೆಗೆ ಅರ್ಥಿಂಗ್ ವೈರ್ ಕೂಡ ಇರಲಿಲ್ಲ, ಮನೆಯ ಬೋರ್ಡ್‌ನಲ್ಲಿ ಕರೆಂಟು ಮಣ್ಣಿಗೆ ಸೋರಿದರೆ ತಾನಾಗಿ ಕಡಿಯುವ ಆರ್‌ಸಿಸಿಬಿ ಇರಲಿಲ್ಲ. ಅಲ್ಯೂಮಿನಿಯಂ ಏಣಿ, ಮೂರೂವರೆ ಮೀಟರ್ ಎತ್ತರ, ಕೆಳಗೆ ಕಲ್ಲಿನ ಅಂಗಳ. ಅಂದು ರಾತ್ರಿ ನನಗೂ ನಿದ್ದೆ ಬೇಗ ಬರಲಿಲ್ಲ.

ಹೊಸದಾಗಿ ಮಾಡಿದ್ದು

ಮಳೆ ಇಳಿಮುಖವಾಗುವ ತನಕ ಆ ಸಾಲನ್ನು ಪೂರ್ತಿ ಕಡಿದಿಟ್ಟೆ. ಸೆಪ್ಟೆಂಬರ್ ಕೊನೆಗೆ ಕೆಲಸ ಶುರು. ಮೊದಲ ದಿನ ದೀಪದ ಮಾತೇ ಇಲ್ಲ. ಬೋರ್ಡ್‌ನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಹೊರಗೆ 1.5 ಚದರ ಮಿಲಿಮೀಟರ್‌ನ ತಾಮ್ರದ ಮೂರು ತಂತಿಯ ಹೊಸ ಕೇಬಲ್, ಅದರ ಹಸಿರು ತಂತಿ ಅರ್ಥಿಂಗ್‌ಗೆ. ಹಳೆಯ ಸೋರಿಕೆಯನ್ನು ಆರ್‌ಸಿಸಿಬಿ ಇದ್ದಿದ್ದರೂ ಹಿಡಿಯುತ್ತಿರಲಿಲ್ಲ, ಒಂದು ಮಿಲಿಆಂಪಿಯರ್‌ಗೂ ಕಡಿಮೆ ಅದು. ಆದರೆ ಮನುಷ್ಯನ ಮೈ ಮೂಲಕ ಅಪಾಯದಷ್ಟು ಹರಿದಾಗ ಕಡಿಯುವುದು ಅದೊಂದೇ.

ನಮ್ಮ ಕಡಲ ತೀರದಲ್ಲಿ ನೀರು ಹೊಗುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಫಿಟ್ಟಿಂಗ್ ಮೇಲೆ ಐಪಿ65 ಎಂದು ಬರೆದಿದ್ದರೆ ದೂಳು ಹೊಗದು, ಕೊಳವೆಯಿಂದ ಚಿಮ್ಮಿದ ನೀರು ಹೊಗದು ಎಂದರ್ಥ. ಉಪ್ಪಿನ ಗಾಳಿಗೆ ಅದು ಎಷ್ಟು ವರ್ಷ ತಾಳುತ್ತದೆ ಎಂಬುದನ್ನು ಆ ಅಂಕಿ ಹೇಳುವುದೇ ಇಲ್ಲ. ಆ 50 ವ್ಯಾಟ್‌ನ ದೀಪವನ್ನು ಇಳಿಸಿದಾಗ, ಮೂರೇ ತಿಂಗಳಲ್ಲಿ ತಿರುಪುಗಳ ಸುತ್ತ ಬಿಳಿ ಪುಡಿ, ಗಾಜಿನ ಒಳಗೆ ನೀರ ಹನಿ. ಹನಿ ಮೇಲಿನಿಂದ ಸೋರಿದ್ದಲ್ಲ. ದೀಪ ಹತ್ತಿದಾಗ ಒಳಗಿನ ಗಾಳಿ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಕುಗ್ಗುವಾಗ ಎಲ್ಲಿ ಸಂದು ಇದೆಯೋ ಅಲ್ಲಿಂದ ತೇವದ ಗಾಳಿಯನ್ನು ಒಳಗೆಳೆಯುತ್ತದೆ. ಆ ಸಂದು ಹೆಚ್ಚಿನ ಸಲ ಕೇಬಲ್‌ನ ಒಳಗೇ ಇರುತ್ತದೆ. ತಂತಿಗಳ ನಡುವಿನ ಸಣ್ಣ ಎಡೆಯಲ್ಲಿ ನೀರು, ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಏರುತ್ತದೆ. ಅದಕ್ಕಾಗಿ ಕೇಬಲ್‌ನ ತುದಿ ಬಯಲಿನಲ್ಲಿ ಇರಬಾರದು, ಜೋಡಣೆ ಮುಚ್ಚಿದ ಬಾಕ್ಸ್‌ನೊಳಗೆ ಆಗಬೇಕು, ಕೇಬಲ್ ಬಾಕ್ಸ್‌ಗೆ ಕೆಳಗಿನಿಂದ ಗ್ಲ್ಯಾಂಡ್ (ಕೇಬಲ್‌ನ ಸುತ್ತ ಬಿಗಿದು ನೀರು ತಡೆಯುವ ಬಿರಡೆ) ಮೂಲಕ ಹೋಗಬೇಕು. ಹೋಗುವ ಮೊದಲು ಒಂದು ಇಳಿ ಬಳುಕು ಕೊಟ್ಟರೆ ನೀರು ಅಲ್ಲಿಂದಲೇ ತೊಟ್ಟಿಕ್ಕುತ್ತದೆ. ತಿರುಪುಗಳು ಸ್ಟೇನ್‌ಲೆಸ್ ಸ್ಟೀಲಿನವು. ತಿರುಗಿಸುವ ಮೊದಲು ಎಳೆಗಳಿಗೆ ವ್ಯಾಸಲೀನ್ ಸವರಿದೆ, ಮುಂದೆ ಬಿಚ್ಚುವವರು ಶಾಪ ಹಾಕಬಾರದಲ್ಲ.

ಎಷ್ಟು ಬೆಳಕು ಬೇಕು ಎಂಬ ಚರ್ಚೆ ಟೀಚರ್ ಜೊತೆ ಒಂದು ಸಂಜೆಯಿಡೀ ನಡೆಯಿತು. 500 ವ್ಯಾಟ್‌ನ ಹ್ಯಾಲೋಜನ್ 9,000ಕ್ಕೂ ಹೆಚ್ಚು ಲ್ಯೂಮೆನ್ (ದೀಪ ಹೊರಸೂಸುವ ಒಟ್ಟು ಬೆಳಕಿನ ಅಳತೆ) ಕೊಡುತ್ತದೆ. ಅಷ್ಟೇ ಬೆಳಕು ಎಲ್‌ಇಡಿಯಿಂದ ಬೇಕೆಂದರೆ 80ರಿಂದ 100 ವ್ಯಾಟ್ ಹಾಕಬೇಕು. ಆದರೆ ಅಷ್ಟು ಬೆಳಕು ಯಾರಿಗೆ ಬೇಕಿತ್ತು? ಅಂಗಳ ಎಂಟು ಮೀಟರ್‌ಗೆ ಆರು, ಅಂದರೆ 48 ಚದರ ಮೀಟರ್. 20 ವ್ಯಾಟ್‌ನ ದೀಪದ 2,000 ಲ್ಯೂಮೆನ್‌ನಲ್ಲಿ ಅರ್ಧ ನೆಲಕ್ಕೆ ತಲುಪಿದರೂ ಚದರ ಮೀಟರ್‌ಗೆ 20 ಲ್ಯೂಮೆನ್, ಅಂದರೆ 20 ಲಕ್ಸ್ ಆಯಿತು. ಹುಣ್ಣಿಮೆಯ ಬೆಳದಿಂಗಳು ಒಂದು ಲಕ್ಸ್ ಕೂಡ ಇಲ್ಲ, ಅದರಲ್ಲಿ ನಾವು ಗದ್ದೆಯ ಹುಣಿ ದಾಟಿದವರು.

ಟೀಚರ್ ಒಂದು ಮಾತು ಹೇಳಿದರು. "ಆ ಬಿಳಿ ದೀಪ ಹತ್ತಿದರೆ ನನಗೆ ಅಂಗಳ ಕಾಣುವುದಿಲ್ಲ, ದೀಪ ಮಾತ್ರ ಕಾಣುತ್ತದೆ." ಅವರ ಒಂದು ಕಣ್ಣಿನಲ್ಲಿ ಪೊರೆ ಬೆಳೆಯುತ್ತಿದೆ. ಪೊರೆಯಿರುವ ಕಣ್ಣಿನೊಳಗೆ ತೀಕ್ಷ್ಣ ಬೆಳಕು ಚೆದರಿ, ಎದುರಿನದೆಲ್ಲ ಮಂಜಾಗುತ್ತದೆ. ಪೊರೆ ಇಲ್ಲದವರಿಗೂ ಕಣ್ಣಿಗೆ ನೇರ ಹೊಡೆಯುವ ದೀಪದ ಆಚೆಗಿನ ನೆರಳು ಮತ್ತಷ್ಟು ಕಪ್ಪಾಗುತ್ತದೆ, ಕಳ್ಳನಿಗೆ ಬೇಕಾದದ್ದು ಆ ನೆರಳು. ರಾತ್ರಿ ಸದ್ದಾದಾಗ ಟೀಚರ್‌ಗೆ ಕಾಣಬೇಕಾದದ್ದು ಮೆಟ್ಟಿಲಿನ ಅಂಚು, ಬಾವಿಕಟ್ಟೆಯ ದಾರಿ, ಮಳೆಗಾಲದಲ್ಲಿ ನೆಲದ ಮೇಲೆ ಹರಿಯುವ ಹಾವು. ಬೆಳಕು ನೆಲಕ್ಕೆ ಬೀಳಬೇಕು.

ಹಾಗಾಗಿ 20 ವ್ಯಾಟ್‌ನ, 3,000 ಕೆಲ್ವಿನ್‌ನ ಹಳದಿ ಛಾಯೆಯ ದೀಪ ಆರಿಸಿದೆ. ಡ್ರೈವರ್ ಪ್ರತ್ಯೇಕವಾಗಿ ಇರುವಂಥದ್ದು, ಕೆಟ್ಟರೆ ಅದನ್ನಷ್ಟೇ ಬದಲಿಸಬಹುದು. ಗುಡುಗು ಮಿಂಚಿನ ಏರುಪೇರು ತಡೆಯುವ ಅಂಕಿಯನ್ನು ಡಬ್ಬದ ಮೇಲೆ ಓದಿ ತಂದೆ. ಮೂರು ಮೀಟರ್ ಎತ್ತರದಲ್ಲಿ, ಮುಖವನ್ನು ಪೂರ್ತಿ ಕೆಳಕ್ಕೆ ಬಾಗಿಸಿ, ಮೇಲೊಂದು ತಗಡಿನ ಮರೆ. ಹಳದಿ ಬೆಳಕಿಗೆ ಹುಳುಗಳೂ ಕಡಿಮೆ ಬರುತ್ತವೆ. ಮೊದಲ ಮಳೆಗೆ ರೆಕ್ಕೆ ಮೂಡಿದ ಗೆದ್ದಲು ದೀಪ ಮುತ್ತಿದರೆ, ಹಿಂದೆಯೇ ಹಲ್ಲಿ, ಹಲ್ಲಿಯ ಹಿಂದೆ ಬೆಕ್ಕು, ಬೆಕ್ಕು ಓಡಾಡಿದ್ದಕ್ಕೆ ಸೆನ್ಸರ್ ಹತ್ತುವುದು, ಹೀಗೆ ಸಾಲುಸಾಲು. ಪಶ್ಚಿಮಕ್ಕೆ, ಕಡಲ ಕಡೆಗೆ ಬೆಳಕು ಹೋಗದಂತೆ ಮರೆ ಇಟ್ಟದ್ದಕ್ಕೆ ಇನ್ನೊಂದು ಕಾರಣವೂ ಇದೆ. ಉಡುಪಿಯ ತೀರದಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಮರಿಗಳು ರಾತ್ರಿ ಹೊರಬಂದು ಬೆಳಕಾದ ದಿಗಂತವನ್ನೇ ಕಡಲು ಎಂದು ನಂಬಿ ನಡೆಯುತ್ತವೆ. ನಮ್ಮ ದೀಪಗಳು ಅವುಗಳನ್ನು ಊರಿನ ಕಡೆಗೆ ಕರೆಯಬಾರದು.

ಸೆನ್ಸರ್ ಹೊಸದು, ಎಲ್‌ಇಡಿಯ ಅಂಕಿ ಸ್ಪಷ್ಟವಾಗಿ ಬರೆದದ್ದು. ಅದನ್ನು ಹಳೆಯ ಜಾಗದಿಂದ ಪಕ್ಕದ ಗೋಡೆಗೆ ಸರಿಸಿದೆ. ಈ ಸೆನ್ಸರ್ ಮೈಯ ಬಿಸಿ ತನ್ನ ನೋಟದ ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ದಾಟುವುದನ್ನು ಗುರುತಿಸುತ್ತದೆ. ನೇರ ಎದುರಿನಿಂದ ಬರುವವನಿಗಿಂತ ಅಡ್ಡ ಹಾಯುವವನನ್ನು ಬೇಗ ಹಿಡಿಯುತ್ತದೆ. ಗೇಟಿನಿಂದ ಬರುವ ದಾರಿ ಈಗ ಅದರ ನೋಟಕ್ಕೆ ಅಡ್ಡವಾಗಿದೆ. ದೀಪದ ಬೆಳಕು ಸೆನ್ಸರ್ ಮೇಲೆ ಬೀಳದಷ್ಟು ದೂರವೂ ಸಿಕ್ಕಿತು. ಮೆಟ್ಟಿಲ ಬಳಿ ಬೇರೊಂದು 5 ವ್ಯಾಟ್‌ನ ಸಣ್ಣ ದೀಪ, ಸಂಜೆಯಿಂದ ಬೆಳಗಿನ ತನಕ ಉರಿಯಲು. ತಿಂಗಳಿಗೆ 1.8 ಯೂನಿಟ್. ಚಲನೆಯ ದೀಪ ಹತ್ತುವುದಕ್ಕೆ ಮೊದಲು ಟೀಚರ್ ಕತ್ತಲೆಯಲ್ಲಿ ಇಡುವ ಮೊದಲ ಹೆಜ್ಜೆಗೆ ಬೇಕಾದದ್ದು ಅದು.

ಮುಂದಿನ ವರ್ಷ

ಮುಂದಿನ ಏಪ್ರಿಲ್‌ನಲ್ಲಿ ಟೀಚರ್ ಮತ್ತೆ ಫೋನ್ ಮಾಡಿದರು. ಗೇಟಿನ ಹತ್ತಿರ ಹತ್ತುತ್ತಿದ್ದ ದೀಪ ಈಗ ಅಂಗಳದ ನಡುವಿಗೆ ಬಂದರೆ ಮಾತ್ರ ಹತ್ತುತ್ತದೆ ಎಂದರು. ಹೋಗಿ ನೋಡಿದೆ, ಕೆಟ್ಟದ್ದೇನೂ ಇಲ್ಲ. ಸೆನ್ಸರ್ ನೋಡುವುದು ಮೈಯ ಬಿಸಿಗೂ ಸುತ್ತಲಿನ ಬಿಸಿಗೂ ಇರುವ ಅಂತರವನ್ನು. ನಮ್ಮ ಬೇಸಗೆಯ ರಾತ್ರಿಗಳಲ್ಲಿ ಗೋಡೆ, ನೆಲ, ಗಾಳಿ ಎಲ್ಲವೂ ಬೆಚ್ಚಗಿದ್ದು ಆ ಅಂತರ ಕುಗ್ಗುತ್ತದೆ, ನೋಟದ ದೂರವೂ ಕುಗ್ಗುತ್ತದೆ. ಸೂಕ್ಷ್ಮತೆಯ ತಿರುಪನ್ನು ಸ್ವಲ್ಪ ಏರಿಸಿ, ಮಸೂರದ ಮೇಲೆ ಕೂತ ಉಪ್ಪಿನ ಪೊರೆಯನ್ನು ಸಿಹಿನೀರಿನ ಬಟ್ಟೆಯಿಂದ ಒರೆಸಿದೆ. ಗೇಟಿನ ತನಕ ಅಲ್ಲದಿದ್ದರೂ ಬಾವಿಕಟ್ಟೆಯ ತನಕ ನೋಟ ಮರಳಿತು.

ಜುಲೈಯಲ್ಲಿ, ಮೂರು ದಿನ ಬಿಡದೆ ಸುರಿದ ಮಳೆಯ ನಡುವೆ, ಯಾರೂ ಕರೆಯದೆ ನಾನೇ ಮೆಗ್ಗರ್ ಹಿಡಿದು ಹೋದೆ. ಬಾಕ್ಸ್‌ನೊಳಗೆ ಒಣಗಿತ್ತು, ತಡೆ 200 ಮೆಗಾಓಮ್ ದಾಟಿತ್ತು. ಟೀಚರ್ ಚಹಾ ತಂದರು. ಮಗ ರಜೆಯಲ್ಲಿ ಬಂದಿದ್ದ. ಅವನು ಹಟ್ಟಿಯಿಂದ ಹಳೆಯ ಹ್ಯಾಲೋಜನ್ ಪೆಟ್ಟಿಗೆಯನ್ನು ತಂದು, ಅದರ ಹೋಲ್ಡರ್‌ನ ಲೋಹದ ತುದಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಏನೂ ಹೇಳದೆ ಕೆಳಗಿಟ್ಟ.